ಜಠರದ ಗಡ್ಡೆಗೆ ಎರಡು ದಾರಿ

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದವರು ನಾವು. ಆ ಹೊಟ್ಟೆಯಲ್ಲೇ ಕ್ಯಾನ್ಸರಿನ ಗಡ್ಡೆ ಕಂಡಿತೆಂದರೆ ಮನೆಮಂದಿಯ ಜಂಘಾಬಲವೇ ಉಡುಗಿಹೋಗುತ್ತದೆ. ಶಸ್ತ್ರಕ್ರಿಯೆ ಆಗಬೇಕೆಂದು ವೈದ್ಯರು ಹೇಳಿದೊಡನೆ ಏಳುವ ಮೊದಲ ಪ್ರಶ್ನೆ: ಹೊಟ್ಟೆಯನ್ನು ಸೀಳಲೇಬೇಕೆ, ಅಥವಾ ಈ ಊರಿನವರು ‘ದುರ್ಬೀನಿನ ಆಪರೇಷನ್’ ಎನ್ನುವ ಲ್ಯಾಪರೊಸ್ಕೋಪಿಯಿಂದ ಆದೀತೆ? ಉತ್ತರ ತಿಳಿಯಬೇಕಾದರೆ ಈ ಎರಡು ದಾರಿಗಳು ನಡೆದುಬಂದ ಚರಿತ್ರೆಯನ್ನು ತುಸು ಅವಲೋಕಿಸಬೇಕು.

ಅರಿವಳಿಕೆಯೂ ಲಿಸ್ಟರನ ಕ್ರಿಮಿನಾಶಕ ವಿಧಾನವೂ ಬಳಕೆಗೆ ಬಂದ ಮೇಲೆಯೇ ಶಸ್ತ್ರವೈದ್ಯರು ಧೈರ್ಯವಾಗಿ ಉದರದೊಳಕ್ಕೆ ಕೈಯಿಟ್ಟರು. 1879ರಲ್ಲಿ ಪ್ಯಾರಿಸಿನ ಪೆಯಾನ್, 1880ರಲ್ಲಿ ಪೋಲೆಂಡಿನ ರಿಡಿಗಿಯರ್ ಜಠರದ ರೋಗಗ್ರಸ್ತ ಭಾಗವನ್ನು ಕತ್ತರಿಸಿ ತೆಗೆದರು. ಇಬ್ಬರ ರೋಗಿಗಳೂ ವಾರದೊಳಗೇ ತೀರಿಕೊಂಡರು. ವಿಯೆನ್ನಾದ ಬಿಲ್‌ರೋತ್ ಆತುರಪಟ್ಟವನಲ್ಲ. ಆತನ ಶಿಷ್ಯರು ಮೊದಲು ನಾಯಿಗಳ ಮೇಲೆ ಈ ಕ್ರಿಯೆಯನ್ನು ನಡೆಸಿ ನೋಡಿದರು. 1881ರ ಜನವರಿ 29ರಂದು ಆತ 43 ವರ್ಷದ ಒಬ್ಬ ಹೆಣ್ಣುಮಗಳ ಜಠರದ ಕೆಳತುದಿಯ ಗಡ್ಡೆಯನ್ನು ತೆಗೆದು, ಉಳಿದ ಜಠರವನ್ನು ಕರುಳಿಗೆ ರೇಷ್ಮೆಯ ದಾರದಿಂದ ಹೊಲಿದನು. ಗಾಯ ಮಾಯಿತು; ಆಕೆ ಉಂಡಳು, ಮನೆಗೆ ಹೋದಳು. ಆದರೆ ನಾಲ್ಕು ತಿಂಗಳೊಳಗೆ ರೋಗ ಮರುಕಳಿಸಿ ಅಸುನೀಗಿದಳು. ಗಾಯ ಮಾಯುವುದು ಬೇರೆ, ರೋಗ ನೀಗುವುದು ಬೇರೆ ಎಂಬ ಪಾಠವನ್ನು ಈ ಮೊದಲ ಗೆಲುವೇ ಕಲಿಸಿತು.

ಮುಂದಿನ ನೂರು ವರ್ಷಗಳ ಪ್ರಯತ್ನವೆಲ್ಲ ಈ ಎರಡನೆಯದರ ಬೆನ್ನು ಹತ್ತಿತು. 1897ರಲ್ಲಿ ಜ್ಯೂರಿಕ್ಕಿನ ಶ್ಲಾಟರ್ ಇಡೀ ಜಠರವನ್ನೇ ತೆಗೆದ. ಆತನ ರೋಗಿ ಒಂದು ವರ್ಷಕ್ಕೂ ಮೀರಿ ಬದುಕಿದಳು. ರೋಗವು ಜಠರದ ಸುತ್ತಣ ದುಗ್ಧಗ್ರಂಥಿಗಳಿಗೆ ಹರಡುತ್ತದೆಂದು ತಿಳಿದಿದ್ದ ಜಪಾನಿನ ವೈದ್ಯರು, ಆ ಗ್ರಂಥಿಗಳನ್ನು ಕ್ರಮವಾಗಿ ಗುರುತಿಸಿ ಜೊತೆಗೇ ತೆಗೆಯುವ ಪದ್ಧತಿಯನ್ನು ಬೆಳೆಸಿದರು. ಇದಕ್ಕೆಲ್ಲ ಎದೆಗೂಡಿನ ಕೆಳಗಿನಿಂದ ಹೊಕ್ಕುಳದವರೆಗೆ ಉದ್ದನೆಯ ಸೀಳು ಅನಿವಾರ್ಯವಾಗಿತ್ತು.

ಎರಡನೆಯ ದಾರಿ ಇಣುಕಿನೋಟದಿಂದ ಆರಂಭವಾಯಿತು. 1901ರಲ್ಲಿ ಜರ್ಮನಿಯ ಕೆಲಿಂಗ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ, ಕೊಳವೆಯ ಮೂಲಕ ಒಳಗೆ ನೋಡಿದ. 1910ರಲ್ಲಿ ಸ್ವೀಡನ್ನಿನ ಯಾಕೊಬೇಯಸ್ ಮನುಷ್ಯರಲ್ಲಿ ಅದನ್ನೇ ಮಾಡಿದ. ನೋಡುವ ಉಪಕರಣ ಕೊಯ್ಯುವ ಸಾಧನವಾಗಲು ಬಹುಕಾಲ ಹಿಡಿಯಿತು. 1980ರಲ್ಲಿ ಜೆಮ್ ಅಪೆಂಡಿಕ್ಸನ್ನೂ 1985ರಲ್ಲಿ ಮ್ಯೂಹೆ ಪಿತ್ತಕೋಶವನ್ನೂ ಈ ವಿಧಾನದಿಂದ ತೆಗೆದರು, ಇಬ್ಬರೂ ಜರ್ಮನರು. ನಮ್ಮ ಮುಂಬಯಿ ಹಿಂದೆ ಬೀಳಲಿಲ್ಲ. 1990ರಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಇಲ್ಲಿಯ ಜೆ.ಜೆ. ಆಸ್ಪತ್ರೆಯಲ್ಲಿ ಭಾರತದ ಮೊದಲ ಇಂಥ ಪಿತ್ತಕೋಶದ ಶಸ್ತ್ರಕ್ರಿಯೆಯನ್ನು ನೆರವೇರಿಸಿದರು. ಮರುವರ್ಷ, 1991ರಲ್ಲಿ, ಜಪಾನಿನ ಕಿತಾನೊ ಆರಂಭದ ಹಂತದ ಜಠರ ಕ್ಯಾನ್ಸರಿಗೆ ಇದೇ ವಿಧಾನವನ್ನು ಅಳವಡಿಸಿದರು.

ಇಲ್ಲಿ ಅರ್ಧ ಅಂಗುಲಕ್ಕೂ ಕಿರಿದಾದ ನಾಲ್ಕೈದು ರಂಧ್ರಗಳು ಸಾಕು. ಇಂಗಾಲದ ಡೈ ಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮೆರಾದ ಚಿತ್ರವನ್ನು ನೋಡುತ್ತ ಕೊಯ್ಯುತ್ತಾರೆ. ಕೊಯ್ದ ಭಾಗವನ್ನು ಹೊರತರಲು ಮಾತ್ರ ಒಂದು ಚಿಕ್ಕ ಸೀಳು. ಗಾಯ ಚಿಕ್ಕದು, ನೋವು ಕಡಿಮೆ. ಆದರೆ ಬಿಲ್‌ರೋತನ ಪಾಠ ಮತ್ತೆ ಎದುರು ನಿಂತಿತು: ಗಾಯವೇನೋ ಬೇಗ ಮಾಯೀತು, ರೋಗ? ಗ್ರಂಥಿಗಳು ಉಳಿದುಬಿಟ್ಟರೆ?

ಇದನ್ನು ವಾದದಿಂದ ಬಗೆಹರಿಸಲಾಗದು. ಕೊರಿಯಾದಲ್ಲಿ ಆರಂಭದ ಹಂತದ 1,416 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ ಪರೀಕ್ಷಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು: ಐದು ವರ್ಷಗಳ ಬಳಿಕ ಬದುಕಿದ್ದವರು ಲ್ಯಾಪರೊಸ್ಕೋಪಿಯಲ್ಲಿ ನೂರಕ್ಕೆ 94.2, ತೆರೆದ ಶಸ್ತ್ರಕ್ರಿಯೆಯಲ್ಲಿ 93.3. ಅದೇ ವರ್ಷ ಚೀನಾದಿಂದ, ರೋಗ ಬಲಿತ ಸುಮಾರು ಸಾವಿರ ಜನರ ವರದಿ ಬಂದಿತು: ಮೂರು ವರ್ಷ ರೋಗ ಮರುಕಳಿಸದೆ ಬದುಕಿದ್ದವರು 76.5 ಮತ್ತು 77.8. ಅಂದರೆ ನುರಿತ ಕೈಗಳಲ್ಲಿ ಎರಡು ದಾರಿಗಳೂ ಹೆಚ್ಚುಕಡಿಮೆ ಸಮ.

ಈ ಅಂಕಿಗಳನ್ನು ಸೂಕ್ಷ್ಮವಾಗಿ ನೋಡಿದರೆ ಮತ್ತೊಂದು ಸತ್ಯ ಕಾಣುತ್ತದೆ. ದಾರಿ ಯಾವುದಾದರೂ ವ್ಯತ್ಯಾಸ ಒಂದಂಶದಷ್ಟು. ಬೇಗ ಬಂದವರಿಗೂ ತಡವಾಗಿ ಬಂದವರಿಗೂ ನಡುವಿನ ಅಂತರವೋ ಬಲು ದೊಡ್ಡದು. ಆದುದರಿಂದ ವೈದ್ಯರನ್ನು ಗಾಯ ಎಷ್ಟುದ್ದವೆಂದು ಕೇಳುವ ಮೊದಲು, ಗಡ್ಡೆ ಯಾವ ಹಂತದಲ್ಲಿದೆ, ಗ್ರಂಥಿಗಳನ್ನು ಪೂರ್ತಿ ತೆಗೆಯಬಹುದೆ, ತಮಗೆ ಈ ವಿಧಾನದಲ್ಲಿ ಅನುಭವ ಎಷ್ಟು ಎಂದು ಕೇಳಬೇಕು. ಗಡ್ಡೆ ಪಕ್ಕದ ಅಂಗಗಳಿಗೆ ಅಂಟಿದ್ದರೆ ತೆರೆದ ಶಸ್ತ್ರಕ್ರಿಯೆಯೇ ಲೇಸೆನ್ನಬಹುದು; ರಂಧ್ರದಿಂದ ಆರಂಭಿಸಿದವರು ನಡುವೆ ಹೊಟ್ಟೆ ತೆರೆದರೆ ಅದು ಸೋಲಲ್ಲ, ವಿವೇಕ.

ಎಲ್ಲಕ್ಕಿಂತ ಮೊದಲಿನ ಮಾತೊಂದಿದೆ. ಲೋಕಲ್ ಗಾಡಿಯ ಗಡಿಬಿಡಿಯಲ್ಲಿ ಹೊಟ್ಟೆನೋವಿಗೆ ಸೋಡಾ ಕುಡಿದು, ಹಸಿವು ಸತ್ತಿದ್ದನ್ನೂ ಮೈ ಇಳಿದದ್ದನ್ನೂ ‘ನೀರು ಒಗ್ಗಲಿಲ್ಲ’ ಎಂದು ತಿಂಗಳುಗಟ್ಟಲೆ ತಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಬಿಲ್‌ರೋತನಿಂದ ಕಿತಾನೊವರೆಗೆ 110 ವರ್ಷಗಳ ಸಾಧನೆಯ ಫಲ ನಮಗೆ ದಕ್ಕಬೇಕಾದರೆ, ನಾವು ಸಕಾಲದಲ್ಲಿ ವೈದ್ಯರ ಬಾಗಿಲು ತಟ್ಟಬೇಕು.