ಜಾವಾದ ಎರಡು ಸೀಲುಗಳ ಹಿಂದಿನ ಕಥೆ

ನಮ್ಮ ಚಿಕ್ಕಪ್ಪನ ಜಾವಾ ವರ್ಷಾನುಗಟ್ಟಲೆ ಕೊಟ್ಟಿಗೆಯಲ್ಲಿ ಹುಲ್ಲಿನ ಮೆದೆ ಪಕ್ಕ ನಿಂತಿತ್ತು. ಅದನ್ನು ಮತ್ತೆ ಓಡಿಸಬೇಕು ಅನ್ನೋ ಹುಚ್ಚು ಹತ್ತಿ, ಎಂಜಿನ್ ಇಳಿಸಿ, ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ನು, ರಿಂಗು ಹಾಕಿಸಿದೆ. ಮೂರನೇ ಕಿಕ್ಕಿಗೇ ಅದೇ ಹಳೆಯ ಸದ್ದು! ಮನೆಯವರೆಲ್ಲ ಹೊರಗೆ ಬಂದು ನೋಡಿದರು. ಹನ್ನೊಂದನೇ ದಿನ, ಶ್ರೀರಂಗಪಟ್ಟಣ ದಾಟುತ್ತಿದ್ದಂತೆ, ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಸರಕ್ಕನೆ ಜಾರಿತು. ಹೇಗೋ ಬೀಳಲಿಲ್ಲ.

ಈ ಸಲ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪಿಸ್ಟನ್ ಕಡೆ ನೋಡಲೇ ಇಲ್ಲ. ಬಲಗಡೆಯ ಡೈನಮೋ ಬಿಚ್ಚಿ, ಅದರ ಹಿಂದಿನಿಂದ ಬಳೆಯಂಥ ಆಯಿಲ್ ಸೀಲೊಂದನ್ನು ಹೊರಗೆಳೆದರು. ಅದರ ರಬ್ಬರ್ ತುಟಿಯನ್ನು ಉಗುರಿನಲ್ಲಿ ಒತ್ತಿದರೆ ಬಾಗಲಿಲ್ಲ, ಚಿಟಕ್ಕನೆ ಮುರಿಯಿತು. “ಪಿಸ್ಟನ್ನಿಗೆ ದುಡ್ಡು ಸುರಿದ್ರಿ ಸಾರ್, ಇದಕ್ಕೆ ಹಾಕಲಿಲ್ಲ ನೋಡಿ” ಅಂದರು.

ಸೀಲ್ ಇರೋದು ಆಯಿಲ್ ಸೋರದಿರಲಿ ಅಂತ ಮಾತ್ರ ಎಂದು ನಾನು ತಿಳಿದಿದ್ದೆ. ಹಾಗಲ್ಲ ಅಂತ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಂಜಿನ್ ಹುಟ್ಟಿದಾಗಿನಿಂದಲೂ ಸಂದು ಮುಚ್ಚುವುದೇ ದೊಡ್ಡ ತಲೆನೋವು. 1712ರಲ್ಲಿ ನ್ಯೂಕೊಮೆನ್ ತನ್ನ ಉಗಿಯಂತ್ರದ ಪಿಸ್ಟನ್ನಿಗೆ ತೊಗಲಿನ ಪಟ್ಟಿ ಹಾಕಿ, ಮೇಲೆ ನೀರು ನಿಲ್ಲಿಸಿದ್ದ. ಸಿಲಿಂಡರನ್ನು ಬಿಸಿಯಾಗಿಯೇ ಇಡಬೇಕೆಂದಿದ್ದ ಜೇಮ್ಸ್ ವಾಟ್‌ಗೆ ಆ ತಣ್ಣೀರಿನ ಉಪಾಯ ನಡೆಯಲಿಲ್ಲ. ಜಾನ್ ವಿಲ್ಕಿನ್ಸನ್ 1774ರ ಹೊತ್ತಿಗೆ ಸಿಲಿಂಡರನ್ನು ನೆಟ್ಟಗೆ ಕೊರೆಯುವ ಯಂತ್ರ ಮಾಡಿದ ಮೇಲೇ ವಾಟ್ ಉಸಿರಾಡಿದ್ದು. 1852ರಲ್ಲಿ ಜಾನ್ ರಾಮ್ಸ್‌ಬಾಟಮ್ ಸೀಳು ಬಿಟ್ಟ ಲೋಹದ ರಿಂಗಿಗೆ ಪೇಟೆಂಟ್ ಪಡೆದ. ಇವತ್ತಿಗೂ ನಾವು ಪಿಸ್ಟನ್ನಿಗೆ ತೊಡಿಸುವ ರಿಂಗು ಅದರದ್ದೇ ವಂಶ.

ಜಾವಾದ ಕಥೆಗೆ ಬೇಕಾದವನು ಮಾತ್ರ ಇವರ್‍ಯಾರೂ ಅಲ್ಲ, ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ. 1891ರಲ್ಲಿ ಇವನು ಪೇಟೆಂಟ್ ಮಾಡಿದ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ, ಕ್ರ್ಯಾಂಕ್ ತಿರುಗುವ ಡಬ್ಬಿಯೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಡಬ್ಬಿ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಎಂಥ ಸರಳ ಉಪಾಯ! ಆದರೆ ಡಬ್ಬಿಯ ಎರಡು ಪಕ್ಕದಿಂದಲೂ ತಿರುಗುವ ಶಾಫ್ಟ್ ಹೊರಗೆ ಬರಬೇಕಲ್ಲ? ಆ ಎರಡು ತೂತಿನಲ್ಲಿ ಗಾಳಿಯಾಡಿದರೆ ಪಂಪು ಸತ್ತ ಹಾಗೆ. ಪಾಪ, ಡೇ ದಿವಾಳಿಯಾದ. 1946ರಲ್ಲಿ, ಹೆಚ್ಚು ಜನರಿಗೆ ಗೊತ್ತೇ ಆಗದಂತೆ ತೀರಿಕೊಂಡ. ಅದೇ ವರ್ಷ ಜೆಕೊಸ್ಲೊವಾಕಿಯಾದ ಜಾವಾ ಕಂಪನಿ ಎರಡು ಸ್ಟ್ರೋಕಿನ 250 ಸಿಸಿ ಪೆರಾಕ್ ಬೈಕನ್ನು ಜಗತ್ತಿಗೆ ತೋರಿಸಿತು. ಮುಂದೆ ಅಲ್ಲಿಂದಲೇ 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ ಈ ಎಂಜಿನ್ ಬಂತು. ಯೆಜ್ಡಿಯ ಹೆಸರಿನಲ್ಲೂ ನಡೆದು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಈಗ ನನ್ನ ಬೈಕಿಗೆ ಬರೋಣ. ಬಲಗಡೆ ಡೈನಮೋ ಇರುವ ಜಾಗ ಒಣ. ಅಲ್ಲಿಯ ಸೀಲ್ ಹೋದರೆ ಡಬ್ಬಿ ಬರೀ ಗಾಳಿ ಕುಡಿಯುತ್ತದೆ, ಪೆಟ್ರೋಲು ಕಡಿಮೆಯಾಗುತ್ತದೆ, ಎಂಜಿನ್ ಕಾಯುತ್ತದೆ. ಈ ಎಂಜಿನ್ನಿಗೆ ಆಯಿಲ್ ಸಿಗುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಪಿಸ್ಟನ್ನಿಗೆ ಆಯಿಲೂ ಕಡಿಮೆ. ಕಚ್ಚಿಕೊಳ್ಳದೆ ಏನು ಮಾಡೀತು? ಎಡಗಡೆ ಬೇರೆ ಆಟ. ಅಲ್ಲಿ ಕ್ಲಚ್, ಪ್ರೈಮರಿ ಚೈನ್ ಆಯಿಲಿನಲ್ಲಿ ಓಡುತ್ತವೆ. ಆ ಸೀಲ್ ಹೋದರೆ ಡಬ್ಬಿ ಆ ಆಯಿಲನ್ನೇ ಹೀರಿ ಸುಡುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಮಾತ್ರ ಇಳಿಯುತ್ತಾ ಹೋಗುತ್ತದೆ. ಜನ ಅದನ್ನು ರಿಂಗಿನ ತೊಂದರೆ ಎಂದುಕೊಂಡು ಮತ್ತೆ ಬೋರಿಂಗ್ ಮಾಡಿಸುತ್ತಾರೆ!

ಕಾರ್ಖಾನೆ ಮುಚ್ಚಿದ್ದರೂ ಸೀಲಿಗೆ ಪರದಾಡಬೇಕಿಲ್ಲ. ಒಳ ವ್ಯಾಸ, ಹೊರ ವ್ಯಾಸ, ದಪ್ಪ: ಈ ಮೂರು ಅಳತೆ ಹೇಳಿದರೆ ಬೇರಿಂಗ್ ಅಂಗಡಿಯವರು ಹುಡುಕಿ ಕೊಡುತ್ತಾರೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ವೈಟಾನ್ ರಬ್ಬರಿನದ್ದು ಸಿಕ್ಕರೆ ಒಳ್ಳೆಯದು. ಶಾಫ್ಟಿನ ಮೇಲೆ ಹಳೆಯ ತುಟಿ ಸವೆಸಿದ ಗೆರೆ ಬಿದ್ದಿದ್ದರೆ ಹೊಸ ಸೀಲೂ ಅಲ್ಲಿ ಸೋರುತ್ತದೆ. ಉಗುರು ಎಳೆದು ನೋಡಿಕೊಳ್ಳಿ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಒಮ್ಮೆ ತೆಗೆದರೆ ಎಸೆಯಬೇಕು, ಅದು ಹಾರಿದರೆ ಸಿಲಿಂಡರಿಗೆ ಗೀರು ಖಚಿತ.

ಅಂದಹಾಗೆ, ಹಿಂದೆ ಪ್ಯಾಕಿಂಗ್ ಕೂರಿಸುವಾಗ ಹಚ್ಚುತ್ತಿದ್ದ ಶೆಲ್ಲಾಕ್ ಬೇರೇನೂ ಅಲ್ಲ, ಅರಗು. ಚನ್ನಪಟ್ಟಣದ ಗೊಂಬೆಗಳ ಬಣ್ಣಕ್ಕೆ ಬೀಳುವುದೂ ಅರಗೇ. ಈಗ ಟ್ಯೂಬಿನಿಂದ ಸಿಲಿಕೋನ್ ಹಿಂಡುತ್ತಾರೆ. ಮಾಮೂಲಿ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಕಿತ್ತುಬರುತ್ತದೆ. ನನ್ನ ಕ್ರ್ಯಾಂಕ್ ಡಬ್ಬಿಯ ಒಳಗೂ ಅಂಥ ಎರಡು ಚೂರು ಸಿಕ್ಕವು. ನಮ್ಮ ಮೆಕ್ಯಾನಿಕ್ ಸಿಲಿಂಡರಿನ ಕೆಳಗಿನ ಪ್ಯಾಕಿಂಗನ್ನು ಕಾಗದದಲ್ಲೇ ಮಾಡಿದರು, ಅಂಚಿಗೆ ಸುತ್ತಿಗೆಯಿಂದ ತಟ್ಟಿ ತಟ್ಟಿ, ಹಳೆಯದರಷ್ಟೇ ದಪ್ಪದ್ದು.

ಎರಡೂ ಸೀಲ್ ಬದಲಾದವು. ಎರಡನೇ ಪಿಸ್ಟನ್ನಿನ ದುಡ್ಡು ನನ್ನ ತಲೆಗೆ ಬಿತ್ತು. ಮುರಿದ ಸೀಲನ್ನು ಚಿಕ್ಕಪ್ಪನಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ನಾನು ಒಂದು ಸಲಾನೂ ಬದಲಾಯಿಸಿರಲಿಲ್ಲ ಕಣೋ” ಅಂದ್ರು.