ಖುರ್ಚಿಯಿಂದ ಪರದೆಗೆ ಬಂದ ಕೋರಂ

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ, ಆಡಳಿತ ಮಂಡಳಿಯ ಸಭೆಯೆಂದರೆ ಎಲ್ಲರೂ ಒಂದೇ ಜಾಗದಲ್ಲಿ ಕೂಡುವುದು. 1956ರ ಕಂಪನಿ ಕಾಯ್ದೆಯೂ ಇದೇ ಜಾಡಿನದು.

2011ರ ಮೇನಲ್ಲಿ ಕೇಂದ್ರದ ಕಾರ್ಪೊರೇಟ್ ಸಚಿವಾಲಯ ವಿಡಿಯೊ ಸಭೆಗೆ ಸಮ್ಮತಿಸಿತು. 2013ರ ಕಂಪನಿ ಕಾಯ್ದೆಯ 173ನೇ ಕಲಂ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಪರದೆಯಲ್ಲಿ ಬಂದವರನ್ನೂ ಕೋರಂಗೆ ಎಣಿಸಲಾಯಿತು. ಆದರೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ವಾರ್ಷಿಕ ಲೆಕ್ಕಪತ್ರ, ಮಂಡಳಿಯ ವರದಿ, ವಿಲೀನದಂಥ ವಿಷಯಗಳನ್ನು 2014ರ ನಿಯಮಗಳು ಪರದೆಯಿಂದ ಹೊರಗಿಟ್ಟವು. ಕೋಣೆಯಲ್ಲೇ ಕೋರಂ ತುಂಬಿದ್ದರೆ ಉಳಿದವರು ಆ ವಿಷಯಗಳಿಗೂ ದೂರದಿಂದ ಸೇರಬಹುದೆಂಬ ತಿದ್ದುಪಡಿ ಜಾರಿಯಾದದ್ದು 2018ರ ಮೇನಲ್ಲಿ. ಇಂಥ ಮಿಶ್ರ ಸಭೆ ಕೊರೊನಾದ ಕೂಸು ಎನ್ನುವವರುಂಟು. ನನ್ನ ಲೆಕ್ಕದಲ್ಲಿ ಅದು ಹುಟ್ಟಿದ್ದು ಈ ತಿದ್ದುಪಡಿಯಲ್ಲೇ. 2020ರ ಮಾರ್ಚ್‌ನಲ್ಲಿ ನಿರ್ಬಂಧ ತಾತ್ಕಾಲಿಕವಾಗಿ ಸಡಿಲವಾಯಿತು, 2021ರ ಜೂನ್‌ನಲ್ಲಿ ನಿರ್ಬಂಧದ ಆ ನಿಯಮವನ್ನೇ ಕೈಬಿಟ್ಟರು.

ನಮ್ಮ ಕನಮಡಿ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದರಿಂದ ಏನು? ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ (ಪಿಕೆಪಿಎಸ್) ನಡೆಯುವುದು ರಾಜ್ಯದ 1959ರ ಸಹಕಾರ ಕಾಯ್ದೆಯಡಿ, ಅದರ ಹಾದಿಯೇ ಬೇರೆ. ರೈತ ಉತ್ಪಾದಕ ಕಂಪನಿ ಕಟ್ಟಿಕೊಂಡವರು ಮಾತ್ರ ಕಂಪನಿ ಕಾನೂನಿನವರು. ಅವರ ಮಂಡಳಿಯಲ್ಲಿ 5ರಿಂದ 15 ನಿರ್ದೇಶಕರು. ಮೂರು ತಿಂಗಳಿಗೊಮ್ಮೆಯಾದರೂ ಸಭೆ. ಕೋರಂಗೆ ಮೂರನೇ ಒಂದು ಪಾಲು, ಮೂವರಿಗೆ ಕಡಿಮೆಯಿಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಸುರುವಾದರೆ ತೋಟ ಬಿಟ್ಟು ಯಾರು ಬರುತ್ತಾರೆ? ಒಣದ್ರಾಕ್ಷಿ ಮಾರಲು ಗಡಿಯಾಚೆ ತಾಸಗಾಂವಕ್ಕೆ ಹೋದ ನಿರ್ದೇಶಕ ಸಭೆಗೆ ಸೇರಬೇಕಾದರೆ ಮೊಬೈಲೇ ಗತಿ.

ಹೀಗೆ ದೂರದಿಂದ ಸೇರುವವರಿಂದ 2014ರ ನಿಯಮಗಳ ಅಪೇಕ್ಷೆ ಸಣ್ಣದಲ್ಲ. ಹಾಜರಿ ಕೂಗಿದಾಗ ಹೆಸರು, ಕೂತ ಜಾಗ, ಅಜೆಂಡಾ ತಲುಪಿದ ಮಾತು ಹೇಳಬೇಕು; ಪಕ್ಕದಲ್ಲಿ ಬೇರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದೂ ಖಚಿತಪಡಿಸಬೇಕು. ಮಾರುಕಟ್ಟೆಯ ಗದ್ದಲದಲ್ಲಿ ಕೊನೆಯದನ್ನು ಹೇಳುವುದು ಕಷ್ಟವೇ! ಪ್ರತಿ ಸಲ ಮಾತಾಡುವ ಮುಂಚೆ ತಾನು ಯಾರೆಂದು ಹೇಳಬೇಕು. ದನಿ ಕತ್ತರಿಸಿದರೆ ಅಧ್ಯಕ್ಷರೋ ಕಾರ್ಯದರ್ಶಿಯೋ ಮತ್ತೊಮ್ಮೆ ಹೇಳಿಸಬೇಕು. ಹೆಚ್ಚಿನ ಸಭೆಗಳು ಎಡವುವುದು ಇಲ್ಲೇ: ನೆಟ್‌ವರ್ಕ್ ಹೋದಾಗ ಕೋಣೆಯವರು ಚಹಾ ಕುಡಿಯುತ್ತ ಠರಾವು ಮುಗಿಸಿಬಿಡುತ್ತಾರೆ. ಜಾಣ ಅಧ್ಯಕ್ಷರು ದೂರದವರ ಅಭಿಪ್ರಾಯವನ್ನೇ ಮೊದಲು ಕೇಳುತ್ತಾರೆ, ದರಪಟ್ಟಿ, ಲೆಕ್ಕದ ಹಾಳೆಗಳನ್ನು ಹಿಂದಿನ ದಿನವೇ ಕಳಿಸಿರುತ್ತಾರೆ.

ನಮ್ಮ ಕಡೆ ಮೊದಲು ಬದಲಾಗಬೇಕಾದದ್ದು ಪ್ರೊಸೀಡಿಂಗ್ ಬುಕ್ಕಿನ ರೂಢಿ. ಅಂದೇ ಬರೆದು, ಇದ್ದವರ ಸಹಿ ಪಡೆದು, ಪುಸ್ತಕ ಮುಚ್ಚುವುದು ನಡೆದುಬಂದದ್ದು. ನಿಯಮದ ಪ್ರಕಾರ 15 ದಿನದೊಳಗೆ ಕರಡು ನಡಾವಳಿ ಎಲ್ಲ ನಿರ್ದೇಶಕರಿಗೂ ಹೋಗಬೇಕು, ತಕರಾರಿದ್ದರೆ ತಿಳಿಸಲು 7 ದಿನ. ತಾಸಗಾಂವದಿಂದ ಸೇರಿದವನು ತನ್ನ ಮಾತು ಬರವಣಿಗೆಯಲ್ಲಿ ಹೇಗೆ ಬಂದಿದೆಯೆಂದು ನೋಡಿ, ತಪ್ಪಿದ್ದರೆ ಹೇಳಲು ಇರುವ ಅವಕಾಶ ಅದೇ.