ಮರಳಿನಿಂದ ಪರದೆಯವರೆಗೆ: ಕಲಿಕೆಯ ಕಡತ ಯಾರದು?

ಬೆಳಗಿನ ಹೊತ್ತು ಚಿಕ್ಕಬಾಣಾವರ ರೈಲು ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ತುಮಕೂರಿನ ಕಡೆಯಿಂದ ಬಂದ ಗಾಡಿಯಿಂದ ಇಳಿಯುವ ಯುವಕ ಯುವತಿಯರಲ್ಲಿ ಕೆಲವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಸೋಲದೇವನಹಳ್ಳಿ, ಹೆಸರಘಟ್ಟ ರಸ್ತೆಗಳ ಕಾಲೇಜುಗಳಿಗೆ ಸೇರಲು ಬಂದವರು ಅವರು, ಇಲ್ಲವೇ ಕೆಲಸದ ಸಂದರ್ಶನಕ್ಕೆ ಹೊರಟವರು. ಫೈಲಿನೊಳಗೆ ಏನಿದೆ? ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಹನ್ನೆರಡು, ಹದಿನೈದು ವರ್ಷ ಓದಿದ ಒಬ್ಬ ಹುಡುಗಿಯ ಫೈಲಿನಲ್ಲಿ ಅವಳೇ ಬರೆದದ್ದು, ಅವಳೇ ಮಾಡಿದ್ದು ಎನ್ನುವಂಥ ಒಂದು ಹಾಳೆಯೂ ಸಾಮಾನ್ಯವಾಗಿ ಇರುವುದಿಲ್ಲ. ಇರುವುದೆಲ್ಲ ಅವಳ ವಿಷಯವಾಗಿ ಬೇರೆಯವರು ಬರೆದದ್ದು.

ಈ ಕೊರತೆಯನ್ನು ತುಂಬುವ ಉಪಾಯವೆಂದು ಶಿಕ್ಷಣ ಕ್ಷೇತ್ರದಲ್ಲಿ ಇಂದು ಕೇಳಿಬರುತ್ತಿರುವ ಹೆಸರು ಇ-ಪೋರ್ಟ್‌ಫೋಲಿಯೊ. ನಮ್ಮ ಪತ್ರಿಕೆಗಳಲ್ಲಿ ಪೋರ್ಟ್‌ಫೋಲಿಯೊ ಎಂದರೆ ಮಂತ್ರಿಗಳಿಗೆ ಹಂಚುವ ಖಾತೆ. ಇಲ್ಲಿ ಅದರ ಅರ್ಥ ಬೇರೆ. ಚಿತ್ರಕಾರರು ತಮ್ಮ ಚಿತ್ರಗಳನ್ನು ಇರಿಸಿಕೊಂಡು ಓಡಾಡುವ ಚಪ್ಪಟೆ ಚೀಲಕ್ಕೆ ಆ ಹೆಸರಿದೆ. ಅದೇ ರೀತಿಯಲ್ಲಿ ವಿದ್ಯಾರ್ಥಿಯು ತನ್ನ ಬರಹ, ಚಿತ್ರ, ಪ್ರಯೋಗ, ಧ್ವನಿಮುದ್ರಣಗಳನ್ನು ತಾನೇ ಆಯ್ದು, ಇದನ್ನು ಏಕೆ ಆಯ್ದೆ, ಇದರಿಂದ ಏನು ಕಲಿತೆ ಎಂದು ಬರೆದು ಕೂಡಿಡುವ ಸಂಗ್ರಹವೇ ಕಲಿಕೆಯ ಪೋರ್ಟ್‌ಫೋಲಿಯೊ. ನಮ್ಮ ಸರ್ಕಾರಿ ಶಾಲೆಯ ಅಧ್ಯಾಪಕರು ಇದಕ್ಕೆ 'ಕೃತಿಸಂಪುಟ' ಎಂಬ ಒಳ್ಳೆಯ ಹೆಸರನ್ನು ಬಳಸುತ್ತಾರೆ. ಅದನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇಟ್ಟರೆ ಇ-ಕೃತಿಸಂಪುಟ.

ಇದು ಹೊರಗಿನಿಂದ ಬಂದ ಹೊಸ ವಿಚಾರವೆಂದು ತೋರಬಹುದು. ಆದರೆ ಕಲಿಕೆಯ ಗುರುತನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಇನ್ನೂರು ವರ್ಷಗಳ ಚರಿತ್ರೆ ಇದೆ.

ಬಳ್ಳಾರಿಯ ಒಂದು ವರದಿ

1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತನ್ನ ಪ್ರಾಂತದ ಎಲ್ಲ ಕಲೆಕ್ಟರುಗಳಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. 9,27,857 ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಈ ಅಂಕಿಅಂಶಗಳಿಗಿಂತ ಸ್ವಾರಸ್ಯವಾದದ್ದು ಆ ಶಾಲೆಗಳ ದಿನಚರಿಯ ವಿವರಣೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಉಪಾಧ್ಯಾಯರು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಂದ ಬೆತ್ತದ ರುಚಿ ಆರಂಭ, ತಡವಾದಷ್ಟೂ ಏಟು ಹೆಚ್ಚು. ಬರವಣಿಗೆಯ ಮೊದಲ ಪಾಠ ನೆಲದ ಮರಳಿನ ಮೇಲೆ, ಬೆರಳಿನಿಂದ. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಕ್ಯಾಂಪ್‌ಬೆಲ್ ಕಡತವನ್ನು ಹೀಗೆ ವರ್ಣಿಸುತ್ತಾನೆ: ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಇದ್ದಿಲು ಮತ್ತು ಅಂಟುಗಳ ಮಿಶ್ರಣ ಬಳಿಯುತ್ತಾರೆ. ಅದರ ಮೇಲೆ ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯುವುದು.

ಅಂಗೈಯ ಸರಸ್ವತಿ ಸಂಜೆಗೆ ಬೆವರಿನಲ್ಲಿ ಹೋಗುತ್ತಾಳೆ. ಮರಳಿನ ಅಕ್ಷರ ಮುಂದಿನ ಹುಡುಗನ ಬೆರಳಿಗೆ ಅಳಿಯುತ್ತದೆ. ಕಡತವೂ ಒರೆಸಿದರೆ ಖಾಲಿ. ತಪ್ಪು ಮಾಡುವ ಸ್ವಾತಂತ್ರ್ಯ ಆ ಮಕ್ಕಳಿಗೆ ಧಾರಾಳವಾಗಿತ್ತು. ಆದರೆ ತಾನು ನಿನ್ನೆ ಎಲ್ಲಿದ್ದೆ, ಇಂದು ಎಲ್ಲಿಗೆ ಬಂದೆ ಎಂದು ತಿರುಗಿ ನೋಡಲು ಏನೂ ಉಳಿಯುತ್ತಿರಲಿಲ್ಲ.

ಕಡತ ಕಚೇರಿಗೆ ಹೋಯಿತು

ಕಡತ ಶಾಲೆಯ ಸ್ವತ್ತು ಮಾತ್ರ ಆಗಿರಲಿಲ್ಲ. ವರ್ತಕರು ಲೆಕ್ಕಕ್ಕೆ, ಮಠಗಳು ಆಡಳಿತಕ್ಕೆ ಅದನ್ನೇ ಬಳಸಿದರು. ಶೃಂಗೇರಿ ಮಠದ ಕಡತಗಳು ಚರಿತ್ರೆ ಬರೆಯುವವರಿಗೆ ಅಮೂಲ್ಯ ಆಕರಗಳಾಗಿವೆ. ಕಾಗದ ಬಂದ ಮೇಲೆ ವಸ್ತು ಮರೆಯಾಯಿತು, ಹೆಸರು ಉಳಿಯಿತು. ಇಂದು ಕಡತ ಎಂದರೆ ವಿಧಾನಸೌಧದಲ್ಲಿ ಮೇಜಿನಿಂದ ಮೇಜಿಗೆ ಸಾಗುವ ಫೈಲು. ಮಗುವಿನ ಕೈಯ ಬರೆಯುವ ಸಾಧನದ ಹೆಸರು ಕಚೇರಿಯ ದಾಖಲೆಗೆ ನಿಂತಿತು. ಶಿಕ್ಷಣದಲ್ಲಿಯೂ ಹೆಚ್ಚುಕಡಿಮೆ ಇದೇ ನಡೆಯಿತು.

1854ರ ಚಾರ್ಲ್ಸ್ ವುಡ್‌ನ ಶಿಕ್ಷಣ ಪತ್ರದ ನಂತರ, 1857ರಲ್ಲಿ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಯಾಯಿತು. ಇಲಾಖೆಯೊಂದಿಗೆ ತನಿಖಾಧಿಕಾರಿ ಬಂದರು, ದಾಖಲಾತಿ ಪುಸ್ತಕ, ಹಾಜರಿ ಪುಸ್ತಕಗಳು ಬಂದವು. ಅತ್ತ ಮದರಾಸು ಪ್ರಾಂತದಲ್ಲಿ, ಎಂದರೆ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಸೇರಿದಂತೆ, 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿ ಇತ್ತು. ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಹುಡುಗ ಓದಿ ಒಪ್ಪಿಸಿದರೆ ಶಾಲೆಗೆ ಹಣ. ಕಲಿಕೆಯ ದಾಖಲೆ ಈಗ ಉಳಿಯತೊಡಗಿತು. ಆದರೆ ಅದನ್ನು ಬರೆಯುವವರು, ಓದುವವರು, ಬೀಗ ಹಾಕಿ ಇಡುವವರು ಎಲ್ಲರೂ ಬೇರೆಯವರೇ.

20ನೆಯ ಶತಮಾನದ ಆರಂಭದಲ್ಲಿ ಮದರಾಸು ಪ್ರಾಂತದಲ್ಲಿ ಎಸ್ಸೆಸ್ಸೆಲ್ಸಿ ಬಂದಾಗ ಅದರ ಸರ್ಟಿಫಿಕೇಟು ಒಂದು ಸಣ್ಣ ಪುಸ್ತಕದ ರೂಪದಲ್ಲಿತ್ತು. ಪಬ್ಲಿಕ್ ಪರೀಕ್ಷೆಯ ಅಂಕಗಳ ಜೊತೆಗೆ ವಿದ್ಯಾರ್ಥಿಯು ಶಾಲೆಯಲ್ಲಿ ಪಡೆದ ಅಂಕಗಳನ್ನೂ ಅದರಲ್ಲಿ ಬರೆಯುತ್ತಿದ್ದರು. ಒಂದೇ ದಿನದ ಪರೀಕ್ಷೆ ಪೂರ್ತಿ ಸತ್ಯ ಹೇಳುವುದಿಲ್ಲವೆಂಬ ಅರಿವು ಆಗಲೇ ಇತ್ತೆಂಬುದಕ್ಕೆ ಅದು ಸಾಕ್ಷಿ.

ವಿಜ್ಞಾನ ಓದಿದ ನಮಗೆ ಇನ್ನೊಂದು ದಾಖಲೆಯ ಪರಿಚಯ ಚೆನ್ನಾಗಿ ಉಂಟು: ಪ್ರಾಯೋಗಿಕ ತರಗತಿಯ ರೆಕಾರ್ಡ್ ಪುಸ್ತಕ. ಮಾಡಿದ ಪ್ರಯೋಗ, ಬಂದ ಅಳತೆ, ಎಲ್ಲಿ ತಪ್ಪಿತು ಎಂಬುದನ್ನು ಬರೆಯಲೆಂದೇ ಹುಟ್ಟಿದ ಪುಸ್ತಕ ಅದು. ಪದವಿ ತರಗತಿಯಲ್ಲಿ ನಾವು ಮಾಡಿದ್ದೇನು? ಹಿಂದಿನ ವರ್ಷದವರ ರೆಕಾರ್ಡ್ ತಂದು ಅಂದವಾಗಿ ನಕಲು ಮಾಡಿದೆವು. ನನ್ನ ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ ಒಂಬತ್ತಕ್ಕಿಂತ ಕಡಿಮೆ ಬಂದಿತ್ತು. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ದಾರದ ಗಂಟಿನವರೆಗೆ ಮಾತ್ರ ಅಳೆದಿದ್ದೆ. ಆ ತಪ್ಪನ್ನು ಕಂಡುಕೊಂಡದ್ದೇ ಆ ದಿನದ ನಿಜವಾದ ಪಾಠ. ಆದರೆ ರೆಕಾರ್ಡಿನಲ್ಲಿ 9.8 ಎಂದೇ ಬರೆದೆ, ಸಹಿಯೂ ಬಿತ್ತು. ಕಲಿತದ್ದು ರೆಕಾರ್ಡಿನಲ್ಲಿ ಇಲ್ಲ. ರೆಕಾರ್ಡಿನಲ್ಲಿ ಇರುವುದನ್ನು ನಾನು ಕಲಿಯಲಿಲ್ಲ.

ಕೋಟೆಯಿಂದ ಬಂದ ಪಾಠ

ದಾಖಲೆಯನ್ನು ಮತ್ತೆ ಮಗುವಿನ ಕೈಗೆ ಕೊಡುವ ಒಂದು ದೊಡ್ಡ ಪ್ರಯತ್ನ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಅಧ್ಯಾಪಕರು ಯುನಿಸೆಫ್ ನೆರವಿನೊಂದಿಗೆ ರೂಪಿಸಿದ 'ನಲಿ-ಕಲಿ' ಅದು. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿದರು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಏಣಿಯಲ್ಲಿ ನೋಡಿ, ಅದಕ್ಕೆ ತಕ್ಕ ಚಿತ್ರವಿರುವ ಕಾರ್ಡನ್ನು ತಾನೇ ತೆಗೆದುಕೊಂಡು ಕೂರುತ್ತದೆ. ಜ್ವರ ಬಂದು ವಾರ ತಪ್ಪಿದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮಕ್ಕಳು ಬರೆದದ್ದು, ಬಿಡಿಸಿದ್ದು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗಾಡುತ್ತದೆ. 2009-10ರಿಂದ ಈ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು.

ಅದೇ ಸಮಯಕ್ಕೆ, 2010ರ ಏಪ್ರಿಲ್ 1ರಂದು, ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. ಕೃತಿಸಂಪುಟ ಎಂಬ ಮಾತು ಶಾಲೆ ಶಾಲೆಗೆ ತಲುಪಿದ್ದು ಹೀಗೆ. ಒಳ್ಳೆಯ ಅಧ್ಯಾಪಕರ ಕೈಯಲ್ಲಿ ಅದು ಮಗುವಿನ ಬೆಳವಣಿಗೆಯ ಕನ್ನಡಿಯಾಯಿತು. ಕೆಲಸದ ಒತ್ತಡದಲ್ಲಿದ್ದ ಕಡೆ, ತಪಾಸಣೆಗೆ ಮುಂಚಿನ ರಾತ್ರಿ ತುಂಬಿಸುವ ಮತ್ತೊಂದು ಫೈಲಾಯಿತು.

ಈ ಅಪಾಯ ನಮ್ಮದು ಮಾತ್ರವಲ್ಲ. ಅಮೆರಿಕದ ವರ್ಮಾಂಟ್ ರಾಜ್ಯವು 1990ರ ದಶಕದ ಆರಂಭದಲ್ಲಿ 4 ಮತ್ತು 8ನೆಯ ತರಗತಿಗಳ ಗಣಿತ ಹಾಗೂ ಬರವಣಿಗೆಯನ್ನು ಕೃತಿಸಂಪುಟಗಳಿಂದ ಅಳೆಯಲು ಹೊರಟಿತು. ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಪರಿಶೀಲಿಸಿದಾಗ, ಒಂದೇ ಸಂಪುಟಕ್ಕೆ ಇಬ್ಬರು ಪರೀಕ್ಷಕರು ಕೊಟ್ಟ ಅಂಕಗಳು ಸಾಕಷ್ಟು ತಾಳೆಯಾಗಲಿಲ್ಲ. ಆದರೆ ತರಗತಿಯ ಪಾಠದಲ್ಲಿ ಒಳ್ಳೆಯ ಬದಲಾವಣೆಗಳು ಕಂಡಿದ್ದವು. ಶ್ರೇಣಿ ಹಚ್ಚುವ ತಕ್ಕಡಿಯಾಗಿ ಕೃತಿಸಂಪುಟ ದುರ್ಬಲ, ಕಲಿಯುವ ಸಾಧನವಾಗಿ ಬಲವಾದದ್ದು ಎಂಬುದು ಇದರ ಪಾಠ.

ಪರದೆಯ ಮೇಲಿನ ಎರಡು ದಾರಿ

ಕಂಪ್ಯೂಟರ್ ಬಂದ ಮೇಲೆ ಎರಡು ದಾರಿಗಳು ತೆರೆದವು. ಒಂದು, ದಾಖಲೆಗಳ ಭದ್ರತೆಯ ದಾರಿ. 2015ರ ಜುಲೈ 1ರಂದು ಡಿಜಿಲಾಕರ್ ದೇಶಕ್ಕೆ ಅರ್ಪಣೆಯಾಯಿತು. 2021ರಲ್ಲಿ ಕಾಲೇಜು ವಿದ್ಯಾರ್ಥಿಗಳ ಕ್ರೆಡಿಟ್ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಬಂತು. ನಮ್ಮ ರಾಜ್ಯದ ಶಾಲಾ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ ಇದೆ. ಇವೆಲ್ಲ ಉಪಯುಕ್ತ. ನೆರೆಯಲ್ಲಿ ಅಂಕಪಟ್ಟಿ ತೋಯ್ದು ಹೋದವರಿಗೆ ಇದರ ಬೆಲೆ ಗೊತ್ತು. ಆದರೆ ಇವು ಆ ಪ್ಲಾಸ್ಟಿಕ್ ಫೈಲಿನ ಹೊಸ ರೂಪಗಳು, ಅಷ್ಟೆ.

ಎರಡನೆಯದು ಕೃತಿಸಂಪುಟದ ದಾರಿ. 2006ರಲ್ಲಿ ನ್ಯೂಜಿಲೆಂಡಿನ ವಿಶ್ವವಿದ್ಯಾಲಯಗಳು ಕೂಡಿ 'ಮಹಾರಾ' ಎಂಬ ಮುಕ್ತ ತಂತ್ರಾಂಶ ರೂಪಿಸಿದವು. ಅಲ್ಲಿನ ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಯೋಚಿಸು, ನೆನೆ ಎಂಬ ಅರ್ಥವಿದೆ. ಅದರಲ್ಲಿ ಏನನ್ನು ಇಡಬೇಕು, ಯಾರಿಗೆ ಯಾವ ಪುಟ ತೋರಿಸಬೇಕು ಎಂದು ತೀರ್ಮಾನಿಸುವವನು ವಿದ್ಯಾರ್ಥಿಯೇ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅಧ್ಯಾಪಕರ ಮಾತಿನ ಜೊತೆಗೆ ಮಗುವಿನ ಸ್ವಂತ ಮಾತು, ಸಹಪಾಠಿಗಳ ಮಾತು ಇರುವ ಸಮಗ್ರ ಪ್ರಗತಿ ಪತ್ರವನ್ನು ಸೂಚಿಸಿತು.

ಇದು ಯಾರಿಗೆ ಹೆಚ್ಚು ಬೇಕು? ಚಿಕ್ಕಬಾಣಾವರದ ಸುತ್ತ ಹೊಸ ಬಡಾವಣೆಗಳು ಏಳುತ್ತಿವೆ. ಬೆಂಗಳೂರಿನ ಇಂಥ ಕಟ್ಟಡಗಳ ಕೆಲಸಕ್ಕೆ ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಸಂಸಾರಗಳು ಬರುತ್ತವೆ, ಕೆಲಸ ಮುಗಿದರೆ ಹೊರಡುತ್ತವೆ. ನಡುವರ್ಷದಲ್ಲಿ ಶಾಲೆ ಬದಲಿಸಿದ ಮಗುವಿನ ವರ್ಗಾವಣೆ ಪತ್ರ ತರಗತಿಯ ಸಂಖ್ಯೆ ಹೇಳುತ್ತದೆ. ಆ ಮಗುವಿಗೆ ಭಾಗಾಕಾರ ಬರುತ್ತದೆಯೇ, ಕಥೆ ಹೇಳುತ್ತದೆಯೇ ಎಂದು ಹೇಳುವುದಿಲ್ಲ. ಹೊಸ ಶಾಲೆಯ ಮೇಡಂ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ, ಇಲ್ಲವೇ ಹಿಂದಿನ ಬೆಂಚಿಗೆ ಕಳಿಸುತ್ತಾರೆ. ಅಮ್ಮನ ಮೊಬೈಲಿನಲ್ಲಿ ಆ ಮಗು ಓದಿದ ಎರಡು ನಿಮಿಷದ ಧ್ವನಿ, ಮಾಡಿದ ಮೂರು ಲೆಕ್ಕದ ಚಿತ್ರ ಇದ್ದರೆ ಪರಿಸ್ಥಿತಿ ಬೇರೆಯಾಗುತ್ತದೆ.

ಎಚ್ಚರಿಕೆಗಳೂ ಬೇಕು. ಕಡತವನ್ನು ಒರೆಸಬಹುದಿತ್ತು, ಪರದೆಯ ಮೇಲೆ ಬಿದ್ದದ್ದು ಸುಲಭಕ್ಕೆ ಅಳಿಯದು. ಹತ್ತನೆಯ ವಯಸ್ಸಿನ ತಪ್ಪು ಇಪ್ಪತ್ತೈದನೆಯ ವಯಸ್ಸಿನ ಸಂದರ್ಶನದಲ್ಲಿ ಎದುರಾಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ಹೇಳುತ್ತದೆ. ಹಾಗೆಯೇ ಎಲ್ಲವನ್ನೂ ಗುಡ್ಡೆ ಹಾಕುವುದು ಕೃತಿಸಂಪುಟವಲ್ಲ. ನಮ್ಮ ವೃತ್ತಿಯಲ್ಲಿ ಹತ್ತು ಗಂಟೆ ಚಿತ್ರೀಕರಿಸಿ ಅರ್ಧ ಗಂಟೆಯ ಕಾರ್ಯಕ್ರಮ ಮಾಡುತ್ತೇವೆ. ಯಾವುದನ್ನು ಉಳಿಸಬೇಕೆಂದು ಯೋಚಿಸುವಾಗಲೇ ವಿಷಯ ನಮಗೆ ಅರ್ಥವಾಗುವುದು.

ಆರಂಭಕ್ಕೆ ದುಬಾರಿ ಯಂತ್ರ ಬೇಡ. ಚಿಕ್ಕಬಾಣಾವರದ ಕೆರೆಯನ್ನು ಒಬ್ಬ ವಿದ್ಯಾರ್ಥಿನಿ ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆಯಲಿ. ನೀರಿನ ಬಣ್ಣ, ಕಂಡ ಹಕ್ಕಿ, ತನಗೆ ಹೊಳೆದ ಕಾರಣ ಬರೆಯಲಿ. ಜೂನ್ ತಿಂಗಳ ಊಹೆ ಡಿಸೆಂಬರಿನಲ್ಲಿ ತಪ್ಪೆಂದು ಕಂಡರೆ ಹಳೆಯದನ್ನು ಅಳಿಸದೆ, ಏಕೆ ತಪ್ಪಿದೆ ಎಂದು ಕೆಳಗೆ ಬರೆಯಲಿ. ವರ್ಷದ ಕೊನೆಗೆ ಹನ್ನೆರಡು ಚಿತ್ರ, ಹನ್ನೆರಡು ಟಿಪ್ಪಣಿ. ಯಾವ ಅಂಕಪಟ್ಟಿಯೂ ಹೇಳದ್ದನ್ನು ಅವು ಹೇಳುತ್ತವೆ.

ನಿಮ್ಮ ಮನೆಯ ಮಗು ಈ ಸಂಜೆ ಶಾಲೆಯಿಂದ ಬಂದಾಗ ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಈ ವಾರ ನೀನು ಮಾಡಿದ್ದರಲ್ಲಿ ಯಾವುದನ್ನು ಎತ್ತಿಡೋಣ, ಏಕೆ ಎಂದು ಕೇಳಿ ನೋಡಿ. ಕಚೇರಿಗೆ ಹೋದ ಕಡತ ಮತ್ತೆ ಮಗುವಿನ ಕೈಗೆ ಬರಲು ಅಷ್ಟು ಸಾಕು.